ಓಟ ಬಿಟ್ಟವರು ಚಳಿಗಾಲದಲ್ಲಿ ಟ್ರೆಡ್‌ಮಿಲ್ ಮೇಲೆ ದಮ್ಮು ಮರಳಿ ಪಡೆಯುವುದು ಹೇಗೆ: 12 ವಾರಗಳ ಟೆಂಪೊ ಕ್ರಮ

ಎರಡು ಮೂರು ತಿಂಗಳು ಓಟ ಬಿಟ್ಟು ಮತ್ತೆ ಶುರುಮಾಡಿದವರಿಗೆ ಮೊದಲು ಮರಳುವುದು ದಮ್ಮು. ಕೆಲವೇ ವಾರಗಳಲ್ಲಿ ಏದುಸಿರು ಕಡಿಮೆಯಾಗಿ ಮೈ ಹಗುರಾಗುತ್ತದೆ. ಇನ್ನೇನು ಹಳೆಯ ವೇಗಕ್ಕೆ ಬಂದೇಬಿಟ್ಟೆ ಅನ್ನಿಸತೊಡಗುತ್ತದೆ. ಮೂಳೆ ಮತ್ತು ಸ್ನಾಯುರಜ್ಜುಗಳ ಲೆಕ್ಕವೇ ಬೇರೆ. ಅವು ಹೊರೆಗೆ ಒಗ್ಗಿಕೊಳ್ಳಲು ತಿಂಗಳುಗಳು ಹಿಡಿಯುತ್ತವೆ. ಉಸಿರು ‘ಆಗುತ್ತದೆ’ ಎನ್ನುವಾಗ ಮೀನಖಂಡ ‘ಇನ್ನೂ ಇಲ್ಲ’ ಎನ್ನುವ ಈ ನಡುವಿನ ಅವಧಿಯಲ್ಲೇ ಗಾಯಗಳು ನುಸುಳುತ್ತವೆ.

ಟ್ರೆಡ್‌ಮಿಲ್ ಇಲ್ಲಿ ನೆರವಾಗಲೂಬಹುದು, ಕೆಡಿಸಲೂಬಹುದು. ಒಮ್ಮೆ ಗಂಟೆಗೆ 9.5 ಕಿ.ಮೀ. ಎಂದು ಇಟ್ಟರೆ ಅದು 9.5ರಲ್ಲೇ ಓಡಿಸುತ್ತದೆ. ಗಾಳಿ, ಮಂಜುಗಡ್ಡೆ, ಕತ್ತಲೆ, ಏರಿಳಿತ ಯಾವುದೂ ಅಡ್ಡ ಬರುವುದಿಲ್ಲ. ಆದರೆ ವೇಗ ಹೆಚ್ಚಿಸುವ ಬಟನ್ ಬೆರಳಿನ ತುದಿಯಲ್ಲೇ ಇರುತ್ತದೆ, ಅದನ್ನು ಒತ್ತಲು ಯಾವ ಶ್ರಮವೂ ಬೇಕಿಲ್ಲ. ಹಾಗಾಗಿ ಈ ಕ್ರಮದ ಮೂಲ ನಿಯಮ ಒಂದೇ: ಮೊದಲು ನಿಮಿಷಗಳನ್ನು ಬೆಳೆಸಿ, ವೇಗವನ್ನು ಹಾಗೇ ಬಿಡಿ. ವೇಗ ಏರಿಸುವ ಹಕ್ಕು ಹೇಗೆ, ಯಾವಾಗ ಸಿಗುತ್ತದೆ ಎಂಬುದು ಮುಂದೆ ಬರುತ್ತದೆ.

ಇದು ಮೊದಲು ನಿಯಮಿತವಾಗಿ ಓಡುತ್ತಿದ್ದು, ಒಂದರಿಂದ ಆರು ತಿಂಗಳು ಬಿಟ್ಟವರಿಗಾಗಿ ಬರೆದದ್ದು. ಹತ್ತು ದಿನ ತಪ್ಪಿಸಿಕೊಂಡವರಿಗೆ ಇಷ್ಟೆಲ್ಲ ಬೇಡ, ಒಂದು ವಾರ ಹಗುರವಾಗಿ ಓಡಿ ಮೊದಲಿನ ಕ್ರಮಕ್ಕೆ ಮರಳಬಹುದು. ಹೃದಯದ ತೊಂದರೆ, ರಕ್ತದೊತ್ತಡ, ಮಧುಮೇಹ ಇರುವವರು, ಗಾಯ ಅಥವಾ ಶಸ್ತ್ರಚಿಕಿತ್ಸೆಯಿಂದ ಓಟ ಬಿಟ್ಟವರು ವೈದ್ಯರ ಒಪ್ಪಿಗೆ ಪಡೆದೇ ಶುರುಮಾಡಬೇಕು.

ಟೆಂಪೊ ಓಟವೇ ಏಕೆ?

ಓಟ ನಿಲ್ಲಿಸಿದ ಕೆಲವೇ ದಿನಗಳಲ್ಲಿ ರಕ್ತದ ದ್ರವಭಾಗ ತಗ್ಗತೊಡಗುತ್ತದೆ. ಪ್ರತಿ ಬಡಿತಕ್ಕೆ ಹೃದಯ ತಳ್ಳುವ ರಕ್ತ ಕಡಿಮೆಯಾಗಿ, ಅದೇ ವೇಗಕ್ಕೆ ಬಡಿತ ಹೆಚ್ಚು ಬೇಕಾಗುತ್ತದೆ. ವಾರಗಳು ಕಳೆದಂತೆ ಸ್ನಾಯುಗಳು ಆಮ್ಲಜನಕ ಬಳಸುವ ಸಾಮರ್ಥ್ಯವೂ ಇಳಿಯುತ್ತದೆ. ದ್ರವಭಾಗ ಬೇಗ ಮರಳುತ್ತದೆ, ಸ್ನಾಯುವಿನ ಸಾಮರ್ಥ್ಯಕ್ಕೆ ಮಾತ್ರ ವಾರಗಟ್ಟಲೆ ದುಡಿಯಬೇಕು.

ಸ್ನಾಯುಗಳು ಸಕ್ಕರೆಯನ್ನು ಉರಿಸುವಾಗ ಲ್ಯಾಕ್ಟೇಟ್ ಎಂಬ ವಸ್ತು ಹುಟ್ಟುತ್ತದೆ. ಹಗುರವಾಗಿ ಓಡುವಾಗ ಅದು ಹುಟ್ಟಿದಷ್ಟೇ ವೇಗವಾಗಿ ಬಳಕೆಯಾಗುತ್ತದೆ. ಒಂದು ಮಿತಿ ದಾಟಿದರೆ ಅದು ರಕ್ತದಲ್ಲಿ ಶೇಖರವಾಗುತ್ತ ಹೋಗುತ್ತದೆ, ಉಸಿರು ತಾಳ ತಪ್ಪುತ್ತದೆ, ಕಾಲು ಭಾರವಾಗುತ್ತದೆ. ಆ ಮಿತಿಯ ಅಂಚಿನಲ್ಲಿ, ತುಸು ಈಚೆಗೇ ನಿಂತು ಓಡುವುದು ಟೆಂಪೊ. ಚೆನ್ನಾಗಿ ತಯಾರಾದ ಓಟಗಾರರಿಗೆ ಅದು ಸುಮಾರು ಒಂದು ಗಂಟೆ ಸ್ಪರ್ಧೆಯಲ್ಲಿ ಉಳಿಸಿಕೊಳ್ಳಬಲ್ಲ ವೇಗ. ‘ಹಿತವಾದ ಕಷ್ಟ’ ಎನ್ನಬಹುದಾದ ಮಟ್ಟ. 10ಕ್ಕೆ 6 ಅಥವಾ 7ರಷ್ಟು ಶ್ರಮ. ಮುಗಿಸಿದಾಗ ಇನ್ನೂ ಐದಾರು ನಿಮಿಷ ಓಡಬಹುದಿತ್ತು ಅನ್ನಿಸಬೇಕು. ನೆಲಕ್ಕೆ ಕುಸಿಯುವಂತಾದರೆ ನೀವು ಮಾಡಿದ್ದು ಟೆಂಪೊ ಅಲ್ಲ, ಸ್ಪರ್ಧೆ.

ಮೊದಲು ಯಂತ್ರವನ್ನು ನಂಬಬಹುದೇ ನೋಡಿ

ಪರದೆ 10 ಎಂದು ತೋರಿಸಿದ ಮಾತ್ರಕ್ಕೆ ಬೆಲ್ಟ್ 10 ಕಿ.ಮೀ. ವೇಗದಲ್ಲೇ ಓಡುತ್ತಿದೆ ಎನ್ನುವಂತಿಲ್ಲ. ಪರೀಕ್ಷೆಗೆ ಅರ್ಧ ಗಂಟೆ ಸಾಕು. ಪ್ಲಗ್ ಕಿತ್ತು, ಬೆಲ್ಟ್ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದು, ಕೈಯಿಂದ ಬೆಲ್ಟನ್ನು ಸರಿಸುತ್ತ ಟೇಪಿನಲ್ಲಿ ಅದರ ಪೂರ್ತಿ ಸುತ್ತಳತೆ ಅಳೆಯಿರಿ. ಯಂತ್ರದ ಕೈಪಿಡಿಯಲ್ಲಿ ಅಳತೆ ಕೊಟ್ಟಿದ್ದರೆ ಇನ್ನೂ ಸುಲಭ. ಆಮೇಲೆ ನೀವು ಮೇಲೆ ಓಡುತ್ತಿರುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತು ಗೆರೆ 50 ಸುತ್ತು ಬರಲು ಹಿಡಿಯುವ ಸೆಕೆಂಡುಗಳನ್ನು ಎಣಿಸಲಿ. ಓಡುವವರ ತೂಕ ಬಿದ್ದಾಗ ಕೆಲವು ಯಂತ್ರಗಳ ಬೆಲ್ಟ್ ನಿಧಾನಗೊಳ್ಳುವುದರಿಂದ ಖಾಲಿ ಬೆಲ್ಟ್ ಅಳೆದು ಪ್ರಯೋಜನವಿಲ್ಲ.

ಲೆಕ್ಕ ಹೀಗೆ: ಬೆಲ್ಟ್ ಉದ್ದ (ಮೀಟರ್) × ಸುತ್ತುಗಳು × 3.6 ÷ ಸೆಕೆಂಡುಗಳು. 3.2 ಮೀಟರ್ ಬೆಲ್ಟ್ 50 ಸುತ್ತಿಗೆ 60 ಸೆಕೆಂಡ್ ತೆಗೆದುಕೊಂಡರೆ ನಿಜವಾದ ವೇಗ ಗಂಟೆಗೆ 9.6 ಕಿ.ಮೀ. ವ್ಯತ್ಯಾಸ ಇದ್ದರೂ ಗಾಬರಿಯಾಗಬೇಕಿಲ್ಲ. ಅದೇ ಯಂತ್ರದಲ್ಲೇ ಓಡುತ್ತಿದ್ದರೆ ಸುಳ್ಳು ಕೂಡ ಒಂದೇ ಸಮನಾಗಿರುತ್ತದೆ, ಪ್ರಗತಿ ಅಳೆಯಲು ಅಷ್ಟು ಸಾಕು. ವ್ಯಾಯಾಮಶಾಲೆಗೆ ಹೋಗುವವರು ಮಾತ್ರ ದಿನಕ್ಕೊಂದು ಯಂತ್ರ ಹಿಡಿಯದೆ, ಟೆಂಪೊ ದಿನಕ್ಕೆ ಒಂದನ್ನೇ ಗೊತ್ತುಮಾಡಿಕೊಳ್ಳುವುದು ಲೇಸು.

ಹೆಜ್ಜೆ ಇಟ್ಟಾಗ ಬೆಲ್ಟ್ ಗಕ್ಕನೆ ನಿಂತಂತಾಗಿ ಮತ್ತೆ ಜಾರಿದರೆ ಅದು ಸಡಿಲವಾಗಿರಬಹುದು. ಹಿಂಬದಿಯ ಎರಡೂ ಬೋಲ್ಟುಗಳನ್ನು ಸಮಸಮವಾಗಿ ಕಾಲು ಸುತ್ತು ಬಿಗಿಮಾಡಿ ನೋಡಿ. ಒಂದನ್ನೇ ತಿರುಗಿಸಿದರೆ ಬೆಲ್ಟ್ ಪಕ್ಕಕ್ಕೆ ಸರಿಯುತ್ತದೆ. ಬೆಲ್ಟ್ ಅಡಿಯ ಹಲಗೆ ಒಣಗಿದ್ದರೆ ಮೋಟಾರು ತಿಣುಕುತ್ತದೆ. ತಯಾರಕರು ಹೇಳಿದ ಸಿಲಿಕೋನ್ ಎಣ್ಣೆಯನ್ನೇ ಹಾಕಬೇಕು, ಮನೆಯಲ್ಲಿರುವ ಬೇರೆ ಎಣ್ಣೆ ಬೆಲ್ಟನ್ನು ಹಾಳುಮಾಡಬಹುದು. ಯಂತ್ರದ ಹಿಂದೆ ಎರಡು ಮೀಟರ್ ಜಾಗ ಖಾಲಿ ಇರಲಿ. ಗೋಡೆಗೆ ಬೆನ್ನು ಮಾಡಿ ಇಟ್ಟ ಟ್ರೆಡ್‌ಮಿಲ್ ಮೇಲೆ ಬಿದ್ದವರು ಬೆಲ್ಟ್ ಮತ್ತು ಗೋಡೆಯ ನಡುವೆ ಸಿಕ್ಕಿಕೊಳ್ಳುತ್ತಾರೆ. ತುರ್ತು ನಿಲುಗಡೆಯ ಕ್ಲಿಪ್ ಅಂಗಿಗೆ ಸಿಕ್ಕಿಸಿಯೇ ಓಡಿ. ಹೆಚ್ಚಿನವರು ಅದನ್ನು ಹಿಡಿಕೆಗೆ ನೇತುಹಾಕಿ ಮರೆಯುತ್ತಾರೆ.

ಇನ್ನು ಫ್ಯಾನ್. ಹೊರಗೆ ಓಡುವಾಗ ನಿಮ್ಮ ವೇಗವೇ ಗಾಳಿ ಹುಟ್ಟಿಸಿ ಬೆವರನ್ನು ಆರಿಸುತ್ತದೆ. ಒಳಗೆ ಗಾಳಿ ನಿಂತಿರುತ್ತದೆ. ಬೆವರು ಹರಿಯುತ್ತದೆ, ಆರುವುದಿಲ್ಲ, ಮೈ ಕಾವೇರುತ್ತದೆ. ಚರ್ಮದ ಕಡೆಗೆ ಹೆಚ್ಚು ರಕ್ತ ಹರಿದು, ವೇಗ ಬದಲಾಗದಿದ್ದರೂ ಬಡಿತ ಮೇಲೇರುತ್ತ ಹೋಗುತ್ತದೆ. ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯಲ್ಲಂತೂ ಇದು ಖಚಿತ. ಓಡುವ ಕೋಣೆ 15ರಿಂದ 18 ಡಿಗ್ರಿ ಇದ್ದರೆ ಒಳ್ಳೆಯದು. ದೊಡ್ಡ ಫ್ಯಾನನ್ನು ಒಂದು ಒಂದೂವರೆ ಮೀಟರ್ ದೂರದಲ್ಲಿ, ಎದೆಗೆ ಗಾಳಿ ಬೀಸುವಂತೆ ಇಡಿ. ವಾರ್ಮ್‌ಅಪ್ ಮುಗಿದ ಮೇಲೆ ಹಾಕಿದರೆ ಸಾಕು. ಚಳಿಯೆಂದು ದಪ್ಪ ಜಾಕೆಟ್ ತೊಟ್ಟು ಓಡಿದರೆ ಬೆವರು ಇಳಿಯುತ್ತದೆಯೇ ಹೊರತು ದಮ್ಮು ಬೆಳೆಯುವುದಿಲ್ಲ.

ಏರಿನ ಬಗ್ಗೆ, ಅಂದರೆ ಬೆಲ್ಟಿನ ಮುಂಭಾಗವನ್ನು ಎತ್ತಿ ಕೊಡುವ ಓರೆಯ ಬಗ್ಗೆ, ಒಂದು ಮಾತು. ‘ಶೇ. 1 ಏರು ಇಡಲೇಬೇಕು’ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಹೊರಗಿನ ಗಾಳಿಯ ತಡೆಯನ್ನು ಸರಿದೂಗಿಸಲು ಅದು ಹುಟ್ಟಿದ್ದು. ಗಾಳಿಯ ತಡೆ ಲೆಕ್ಕಕ್ಕೆ ಬರುವುದು ವೇಗದ ಓಟದಲ್ಲಿ. ಗಂಟೆಗೆ 10 ಕಿ.ಮೀ.ಗಿಂತ ಕೆಳಗೆ ಓಡುವವರಿಗೆ ಸೊನ್ನೆಯಾದರೂ ನಡೆಯುತ್ತದೆ, ಒಂದಾದರೂ ನಡೆಯುತ್ತದೆ. ಟೆಂಪೊ ಭಾಗದಲ್ಲಿ ಯಾವುದನ್ನು ಆರಿಸಿದಿರೋ ಅದನ್ನೇ 12 ವಾರವೂ ಉಳಿಸಿಕೊಳ್ಳಿ. ಇಲ್ಲದಿದ್ದರೆ ಹೋಲಿಕೆ ಕೆಡುತ್ತದೆ.

ಮೊದಲ ಮೂರು ವಾರ: ಟೆಂಪೊ ಇಲ್ಲ

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಮೂರು ತಿಂಗಳಿಗಿಂತ ಹೆಚ್ಚು ಬಿಟ್ಟಿದ್ದರೆ ಮೊದಲ ವಾರ 4 ನಿಮಿಷ ಓಟ, 1 ನಿಮಿಷ ನಡಿಗೆ, ಹೀಗೆ ಐದು ಬಾರಿ. ಎರಡನೇ ವಾರ 9 ನಿಮಿಷ ಓಟ, 1 ನಿಮಿಷ ನಡಿಗೆ, ಮೂರು ಬಾರಿ. ಮೂರನೇ ವಾರ 30 ನಿಮಿಷ ಒಂದೇ ಸಮನೆ. ಬಿಟ್ಟದ್ದು ಒಂದೇ ತಿಂಗಳಾದರೆ ನಡಿಗೆ ಬೇಕಿಲ್ಲ, ಹಿಂದೆ ಓಡುತ್ತಿದ್ದ ವಾರದ ಒಟ್ಟು ಸಮಯದ ಅರ್ಧದಿಂದ ಶುರುಮಾಡಿ.

ವೇಗ ಎಷ್ಟು? ಪಕ್ಕದವರ ಜತೆ ಹರಟೆ ಹೊಡೆಯುತ್ತ ಓಡಬಲ್ಲಷ್ಟು. ನಾಚಿಕೆಯಾಗುವಷ್ಟು ನಿಧಾನ ಅನ್ನಿಸಿದರೆ ಬಹುಶಃ ಸರಿಯಾಗಿಯೇ ಇದೆ. ಈ ಹಂತದಲ್ಲಿ 2–3 ನಿಮಿಷಕ್ಕೊಮ್ಮೆ ಏರನ್ನು 0, 0.5, 1 ಎಂದು ಬದಲಿಸುತ್ತಿರಿ. ಟ್ರೆಡ್‌ಮಿಲ್‌ನಲ್ಲಿ ಪ್ರತಿ ಹೆಜ್ಜೆಯೂ ಹಿಂದಿನದರ ಪಡಿಯಚ್ಚು, ಅದೇ ಜಾಗಕ್ಕೆ ಅದೇ ಹೊಡೆತ. ಸಣ್ಣ ಬದಲಾವಣೆಯಿಂದ ಹೊರೆ ಹಂಚಿಹೋಗುತ್ತದೆ.

ಓಟವಿಲ್ಲದ ಎರಡು ದಿನ ಮೀನಖಂಡಕ್ಕೆ ಕೆಲಸ ಕೊಡಿ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ ನಿಂತು ಹಿಮ್ಮಡಿಯನ್ನು ಮೇಲೆತ್ತಿ, ಮೂರು ಸೆಕೆಂಡ್ ಎಣಿಸುತ್ತ ನಿಧಾನವಾಗಿ ಇಳಿಸುವುದು. 12ರಂತೆ ಮೂರು ಸಲ. ಎರಡು ವಾರದ ನಂತರ ಒಂಟಿ ಕಾಲಿನಲ್ಲಿ ಮಾಡಿ. ಇಡೀ ಕ್ರಮದಲ್ಲಿ ಜನ ಮೊದಲು ಬಿಟ್ಟುಬಿಡುವುದು ಇದನ್ನೇ, ಬಿಡಲೇಬಾರದ್ದೂ ಇದೇ.

ನಾಲ್ಕನೇ ವಾರ: ನಿಮ್ಮ ವೇಗ ಕಂಡುಹಿಡಿಯುವುದು

ಹಳೆಯ ಸ್ಪರ್ಧೆಯ ಸಮಯಗಳನ್ನು ಇಲ್ಲಿ ಮರೆಯಬೇಕು. ಅವು ಬೇರೆ ಮೈಯಲ್ಲಿ ಓಡಿದವು. ಈಗಿನ ಮಿತಿ ತಿಳಿಯಲು ಮಾತಿನ ಪರೀಕ್ಷೆಯೇ ಸಾಕು, ಲ್ಯಾಬು ಬೇಡ.

10 ನಿಮಿಷ ಹಗುರವಾಗಿ ಓಡಿ. ಆಮೇಲೆ ನಿಮ್ಮ ಹಗುರ ವೇಗದಿಂದ ಶುರುಮಾಡಿ ಪ್ರತಿ 3 ನಿಮಿಷಕ್ಕೆ 0.5 ಕಿ.ಮೀ. ಏರಿಸುತ್ತ ಹೋಗಿ. ಪ್ರತಿ ಹಂತದ ಕೊನೆಯ ಅರ್ಧ ನಿಮಿಷದಲ್ಲಿ ಹನ್ನೆರಡು ಪದಗಳ ಒಂದೇ ವಾಕ್ಯವನ್ನು ಗಟ್ಟಿಯಾಗಿ ಹೇಳಿ. ಬಾಯಿಪಾಠವಿರುವ ಯಾವ ಸಾಲಾದರೂ ಸರಿ. ವಾಕ್ಯ ಸಲೀಸಾಗಿ ಹೊರಬಂದರೆ ಅದು ಹಗುರ ವೇಗ. ನಡುವೆ ಒಮ್ಮೆ ಉಸಿರೆಳೆದುಕೊಳ್ಳಲೇಬೇಕಾದ ಮೊದಲ ಹಂತ ಎಲ್ಲಿದೆಯೋ ಅದು ನಿಮ್ಮ ಟೆಂಪೊ ವೇಗ. ಎರಡು ಮೂರು ಪದಕ್ಕೊಮ್ಮೆ ಉಸಿರು ಕತ್ತರಿಸಿದರೆ ಮಿತಿ ದಾಟಿದಿರಿ, ಅಲ್ಲಿಗೆ ಪರೀಕ್ಷೆ ಮುಗಿಯಿತು. ಎರಡು ಹಂತಗಳ ನಡುವೆ ಅನುಮಾನ ಬಂದರೆ ಕೆಳಗಿನದನ್ನೇ ಹಿಡಿಯಿರಿ.

ಆ ಹಂತದ ಕೊನೆಯ ಬಡಿತವನ್ನು ಬರೆದಿಟ್ಟುಕೊಳ್ಳಿ. ‘220ರಿಂದ ವಯಸ್ಸು ಕಳೆ’ ಎಂಬ ಸೂತ್ರ ಒಬ್ಬೊಬ್ಬರ ಲೆಕ್ಕದಲ್ಲಿ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಸಾಮಾನ್ಯ, ಹಾಗಾಗಿ ಅದರ ಮೇಲೆ ಮಹಲು ಕಟ್ಟಬೇಡಿ. ಕೈಗಡಿಯಾರದ ಸೆನ್ಸರ್ ಕೆಲವೊಮ್ಮೆ ಬಡಿತದ ಬದಲು ನಿಮ್ಮ ಹೆಜ್ಜೆಗಳನ್ನೇ ಎಣಿಸುತ್ತದೆ. ಹಗುರವಾಗಿ ಓಡುವಾಗಲೇ 165–170 ತೋರಿಸಿ ಅಲ್ಲೇ ಅಂಟಿಕೊಂಡರೆ, ನಿಮಿಷಕ್ಕೆ ಹಾಕುವ ಹೆಜ್ಜೆ ಎಷ್ಟೆಂದು ಎಣಿಸಿ ನೋಡಿ. ಎದೆಗೆ ಕಟ್ಟುವ ಪಟ್ಟಿ ಹೆಚ್ಚು ನಂಬಿಕಸ್ಥ.

ಪರದೆಯ ವೇಗವನ್ನು ಕಿ.ಮೀ.ಗೆ ಇಷ್ಟು ನಿಮಿಷ ಎಂದು ಬದಲಿಸಲು 60ನ್ನು ವೇಗದಿಂದ ಭಾಗಿಸಿ. 8 ಎಂದರೆ 7:30, 9 ಎಂದರೆ 6:40, 10 ಎಂದರೆ 6:00, 11 ಎಂದರೆ 5:27, 12 ಎಂದರೆ 5:00. ಕೆಳಗಿನ ವೇಗಗಳಲ್ಲಿ ಒಂದು ಅಂಕಿಯ ಜಿಗಿತ ಎಷ್ಟು ದೊಡ್ಡದು ನೋಡಿ: 8ರಿಂದ 9ಕ್ಕೆ ಹೋದರೆ ಕಿ.ಮೀ.ಗೆ 50 ಸೆಕೆಂಡ್ ವ್ಯತ್ಯಾಸ. ಆದ್ದರಿಂದಲೇ ಇಲ್ಲಿ ಏರಿಕೆಗಳು ದಶಾಂಶದಲ್ಲಿ ಇರುತ್ತವೆ.

5ರಿಂದ 12ನೇ ವಾರ

ವಾರಕ್ಕೆ ಒಂದೇ ಟೆಂಪೊ ದಿನ. ಉಳಿದ ಎರಡು ಅಥವಾ ಮೂರು ಓಟಗಳು 30–45 ನಿಮಿಷ, ಹಗುರ. ಟೆಂಪೊ ದಿನದ ಹಿಂದೆ ಮುಂದೆ ಬಿಡುವು ಅಥವಾ ಅತಿ ಹಗುರ ಓಟ.

5ನೇ ವಾರ: 4 ನಿಮಿಷ × 4, ನಡುವೆ 90 ಸೆಕೆಂಡ್ ನಿಧಾನ ಓಟ ಅಥವಾ ನಡಿಗೆ
6ನೇ ವಾರ: 5 ನಿಮಿಷ × 4, ನಡುವೆ 90 ಸೆಕೆಂಡ್
7ನೇ ವಾರ: 7 ನಿಮಿಷ × 3, ನಡುವೆ 90 ಸೆಕೆಂಡ್
8ನೇ ವಾರ: 6 ನಿಮಿಷ × 2, ನಡುವೆ 2 ನಿಮಿಷ, ಉಳಿದ ಓಟಗಳೂ ಕಾಲು ಭಾಗ ಕಡಿಮೆ
9ನೇ ವಾರ: 8 ನಿಮಿಷ × 3, ನಡುವೆ 2 ನಿಮಿಷ
10ನೇ ವಾರ: 12 ನಿಮಿಷ × 2, ನಡುವೆ 2 ನಿಮಿಷ
11ನೇ ವಾರ: 15 ನಿಮಿಷ, 2 ನಿಮಿಷ ಬಿಡುವು, ನಂತರ 8 ನಿಮಿಷ
12ನೇ ವಾರ: 20 ನಿಮಿಷ ಒಂದೇ ಸಮನೆ

8ನೇ ವಾರದ ಇಳಿಕೆಯನ್ನು ‘ಚೆನ್ನಾಗಿಯೇ ಓಡುತ್ತಿದ್ದೇನಲ್ಲ’ ಎಂದು ಹಾರಿಸಬೇಡಿ. ಮೂಳೆ ಮತ್ತು ರಜ್ಜು ಹಿಂದೆ ಬಿದ್ದಿರುವುದು ಸರಿಯಾಗಿ ಆಗಲೇ.

6ನೇ ವಾರದ ಓಟವನ್ನೇ ಹತ್ತಿರದಿಂದ ನೋಡೋಣ. ಟೆಂಪೊ 9.5, ಹಗುರ ವೇಗ 7.5 ಎಂದುಕೊಳ್ಳಿ. ಮೊದಲ 3 ನಿಮಿಷ 5.5ರಲ್ಲಿ ಬಿರುಸು ನಡಿಗೆ. ಮುಂದಿನ 8 ನಿಮಿಷ 7.5ರಲ್ಲಿ ಓಟ. ಆಮೇಲೆ 45 ಸೆಕೆಂಡ್ 9.5, 75 ಸೆಕೆಂಡ್ 7.5, ಇದನ್ನು ಎರಡು ಸಲ. ಇಲ್ಲಿಗೆ 15 ನಿಮಿಷ. ಚಳಿಗಾಲದಲ್ಲಿ ಸ್ನಾಯು ಸಡಿಲಗೊಳ್ಳಲು ಇಷ್ಟು ಬೇಕು, ಇದರಲ್ಲಿ ಉಳಿತಾಯ ಮಾಡಬೇಡಿ.

ಈಗ ಮೊದಲ 5 ನಿಮಿಷ. ಮೋಟಾರು ವೇಗ ಹಿಡಿಯಲು ಹತ್ತಿಪ್ಪತ್ತು ಸೆಕೆಂಡ್ ತೆಗೆದುಕೊಳ್ಳುವುದರಿಂದ, ಪರದೆಯಲ್ಲಿ 9.5 ಬಂದ ಕ್ಷಣದಿಂದ ಎಣಿಸಿ. ಮೊದಲ ಎರಡು ನಿಮಿಷ ಸುಲಭವಾಗಿರುತ್ತದೆ, ಬಡಿತವೂ ಕೆಳಗಿರುತ್ತದೆ. ಹೃದಯ ಕಾಲಿನ ಬೇಡಿಕೆಗೆ ಸ್ಪಂದಿಸಲು ಸಮಯ ಹಿಡಿಯುತ್ತದೆ, ಅಷ್ಟೇ. ಬಟನ್ ಕಡೆ ಕೈ ಹೋಗುವುದು ಈ ಎರಡು ನಿಮಿಷದಲ್ಲೇ, ಆಗ ಕೈಯನ್ನು ಅದರ ಜಾಗದಲ್ಲಿಡಿ. ಮೂರನೆಯ ಸುತ್ತಿನಲ್ಲಿ ಹೆಜ್ಜೆಯ ಸದ್ದಿಗೆ ಕಿವಿಗೊಡಿ. ಆರಂಭದ ‘ಟಪ್ ಟಪ್’ ದಪ್ಪಗಾಗಿ ‘ಧಪ್’ ಎನ್ನತೊಡಗಿದರೆ ಸೊಂಟ ಕುಸಿದು ಹೆಜ್ಜೆ ಉದ್ದವಾಗಿದೆ. ತಲೆ ಎತ್ತಿ, ಹೆಜ್ಜೆ ಗಿಡ್ಡ ಮಾಡಿ, ತುಸು ಬೇಗ ಬೇಗ ಹಾಕಿ. ಸದ್ದು ಮತ್ತೆ ಹಗುರಾದರೆ ಮುಂದುವರಿಸಿ, ಆಗದಿದ್ದರೆ 0.3 ಇಳಿಸಿ. ನಾಲ್ಕನೆಯ ಸುತ್ತಿನ ಕೊನೆಯ ನಿಮಿಷದಲ್ಲೂ ನಾಲ್ಕೈದು ಪದ ಒಟ್ಟಿಗೆ ಹೇಳಲು ಬರಬೇಕು.

ಸುತ್ತುಗಳ ನಡುವೆ ಬೆಲ್ಟ್ ಓಡುತ್ತಿರುವಾಗಲೇ ಪಕ್ಕದ ಪಟ್ಟಿಗಳ ಮೇಲೆ ಹಾರಿ ನಿಲ್ಲುವ ಚಾಳಿ ಇದ್ದರೆ ಬಿಟ್ಟುಬಿಡಿ. ದಣಿದ ಕಾಲಿನಲ್ಲಿ ಮರಳಿ ಬೆಲ್ಟ್ ಮೇಲೆ ಇಳಿಯುವಾಗಲೇ ಬೀಳುವುದು. ಮುಗಿದ ಮೇಲೆ 6 ನಿಮಿಷ ನಿಧಾನ ಓಟ, 4 ನಿಮಿಷ ನಡಿಗೆ. ಥಟ್ಟನೆ ನಿಂತರೆ ಕಾಲಿನಲ್ಲಿ ರಕ್ತ ನಿಂತು ತಲೆಸುತ್ತು ಬರಬಹುದು. ಕೆಳಗಿಳಿದಾಗ ನೆಲವೇ ಚಲಿಸಿದಂತೆ ಅನ್ನಿಸುವುದು ಬೇರೆ ವಿಷಯ, ಅದು ಕ್ಷಣಗಳಲ್ಲಿ ಸರಿಹೋಗುತ್ತದೆ. ಆದರೂ ಹಿಡಿಕೆ ಹಿಡಿದೇ ಇಳಿಯಿರಿ.

ಓಡುವಾಗ ಹಿಡಿಕೆ ಹಿಡಿಯುವುದು ಮಾತ್ರ ಸಲ್ಲದು. ಮೈಭಾರದ ಒಂದು ಪಾಲು ಕೈಗೆ ಹೋಗಿ, ಪರದೆಯ ಅಂಕಿ ಮಾತ್ರ ನಿಮ್ಮದಾಗಿ ಉಳಿಯುತ್ತದೆ.

ವೇಗ ಏರಿಸುವುದು ಯಾವಾಗ?

ಪ್ರತಿ ಟೆಂಪೊ ಓಟದ ನಂತರ ಒಂದು ಸಾಲು ಬರೆಯಿರಿ: ವೇಗ, ಏರು, ಕೋಣೆಯ ಉಷ್ಣತೆ, ಕೊನೆಯ ಸುತ್ತಿನ ಸರಾಸರಿ ಬಡಿತ, 10ಕ್ಕೆ ಎಷ್ಟು ಶ್ರಮ, ಮರುದಿನ ಬೆಳಿಗ್ಗೆ ಕಾಲು ಹೇಗಿತ್ತು. ಕೊನೆಯದು ಬಹಳ ಮುಖ್ಯ, ಅದಕ್ಕಾಗಿ ಮರುದಿನ ಪುಸ್ತಕ ತೆರೆಯಬೇಕು.

ಅದೇ ವೇಗ, ಅದೇ ಫ್ಯಾನ್, ಹೆಚ್ಚುಕಡಿಮೆ ಅದೇ ಉಷ್ಣತೆಯಲ್ಲಿ ಮೂರು ವಾರದ ಹಿಂದಿಗಿಂತ ಬಡಿತ ಐದರಷ್ಟು ಇಳಿದಿರಬೇಕು, ಶ್ರಮ 6 ದಾಟಿರಬಾರದು, ಮರುದಿನ ಹಿಮ್ಮಡಿ ಬಿಗಿದಿರಬಾರದು. ಮೂರೂ ಕೂಡಿಬಂದರೆ 0.2 ಅಥವಾ 0.3 ಏರಿಸಿ. ಎರಡೇ ಇದ್ದರೆ ಕಾಯಿರಿ. ಏರಿಸಿದ ವಾರ ನಿಮಿಷಗಳನ್ನು ಹೆಚ್ಚಿಸಬೇಡಿ, ಹಿಂದಿನ ವಾರದ ಓಟವನ್ನೇ ಮತ್ತೆ ಓಡಿ. 12 ವಾರದಲ್ಲಿ ಎರಡು ಸಲ ಏರಿಸಿದರೆ ಅದೇ ದೊಡ್ಡದು, ಒಮ್ಮೆಯೂ ಏರಿಸದಿದ್ದರೂ 16 ನಿಮಿಷದಿಂದ 20 ನಿಮಿಷದ ಸತತ ಓಟಕ್ಕೆ ಬಂದದ್ದು ಪ್ರಗತಿಯೇ.

ಎಲ್ಲಿ ಕೆಡುತ್ತದೆ

ವೇಗ ಒಂದೇ ಇದ್ದರೂ ಬಡಿತ ಸುತ್ತಿನಿಂದ ಸುತ್ತಿಗೆ ಏಳೆಂಟು ಏರುತ್ತಿದೆಯೆಂದರೆ ಮೊದಲು ಫ್ಯಾನ್, ನೀರು, ನಿದ್ದೆ ನೋಡಿ. ಓಟಕ್ಕೆ ಮೊದಲು ಮತ್ತು ನಂತರ ಬೆವರೊರೆಸಿ ತೂಕ ನೋಡಿದರೆ ತಿಳಿಯುತ್ತದೆ, ಒಂದು ಕೆ.ಜಿ. ಇಳಿದರೆ ಸುಮಾರು ಒಂದು ಲೀಟರ್ ನೀರು ಹೋಗಿದೆ. ಬಾಯಾರಿಕೆ ಅಷ್ಟಾಗಿ ಕಾಣದ ಚಳಿಗಾಲದಲ್ಲಿ ಇದು ಅನೇಕರಿಗೆ ಅಚ್ಚರಿ ತರುತ್ತದೆ.

ಬೆಳಿಗ್ಗೆ ಹಾಸಿಗೆಯಿಂದಿಳಿದ ಮೊದಲ ಹೆಜ್ಜೆಗಳಲ್ಲಿ ಹಿಮ್ಮಡಿಯ ಹಿಂಭಾಗ ಬಿಗಿದು, ನಡೆದಾಡಿದ ಮೇಲೆ ಸಡಿಲವಾದರೆ ಅದು ರಜ್ಜುವಿನ ದೂರು. ಏರನ್ನು ಸೊನ್ನೆಗಿಳಿಸಿ, ಒಂದು ವಾರ ಟೆಂಪೊ ಬಿಡಿ, ಹಗುರ ಓಟ ಮುಂದುವರಿಸಬಹುದು. ಏರು ಹೆಚ್ಚಿದಷ್ಟೂ ಅದರ ಮೇಲಿನ ಎಳೆತ ಹೆಚ್ಚು. ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದ ಮೂಳೆಯ ಉದ್ದಕ್ಕೂ ಹರಡಿದ ನೋವಾದರೆ ಓಟ ಅರ್ಧಕ್ಕಿಳಿಸಿ. ಬೆರಳು ಇಟ್ಟರೆ ಒಂದೇ ಬಿಂದುವಿನಲ್ಲಿ ಚುಚ್ಚುವ ನೋವು, ಅದರಲ್ಲೂ ಕೂತಾಗ, ಮಲಗಿದಾಗಲೂ ಇದ್ದರೆ ಓಟ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ. ಮೂಳೆಯಲ್ಲಿ ಸೂಕ್ಷ್ಮ ಬಿರುಕಿರಬಹುದು. ಎದೆ ಬಿಗಿತ, ಕಣ್ಣು ಕತ್ತಲೆ, ತಾಳತಪ್ಪಿದ ಬಡಿತ ಬಂದರೆ ಆ ಕ್ಷಣವೇ ನಿಲ್ಲಿಸಿ, ವೈದ್ಯರನ್ನು ಕಾಣಿ.

ಬೆರಳುಗಳು ಜೋಮು ಹಿಡಿಯುವುದು ಹೆಚ್ಚಾಗಿ ಶೂ ದಾರ ಬಿಗಿಯಾದದ್ದರಿಂದ. ಒಳಗೆ ಕಾವಿಗೆ ಪಾದ ಉಬ್ಬುತ್ತದೆ, ವಾರ್ಮ್‌ಅಪ್ ನಂತರ ಒಮ್ಮೆ ದಾರ ಸಡಿಲಿಸಿ. ಕುತ್ತಿಗೆ ನೋವು ಬಂದರೆ ಪರದೆಯನ್ನೇ ದಿಟ್ಟಿಸುತ್ತಿದ್ದೀರಿ ಎಂದರ್ಥ. ಪರದೆಗೆ ಒಂದು ಟವೆಲ್ ಹೊದೆಸಿ, ಎದುರು ಗೋಡೆ ನೋಡಿ ಓಡಿ. ಬೇಸರಕ್ಕೂ ಅದೇ ಮದ್ದು, ಅಂಕಿಗಳನ್ನು ನೋಡುತ್ತ ಕೂತಷ್ಟೂ ನಿಮಿಷ ಉದ್ದವಾಗುತ್ತದೆ.

ಬರೀ ನೆಗಡಿಯಾದರೆ ಹಗುರ ಓಟ ಪರವಾಗಿಲ್ಲ. ಜ್ವರ, ಮೈಕೈ ನೋವು, ಎದೆಯ ಕೆಮ್ಮು ಇದ್ದರೆ ಓಟವಿಲ್ಲ. ಜ್ವರ ಬಿಟ್ಟ ಮೇಲೂ ಕೆಲವು ದಿನ ಹಗುರ ಓಟವಷ್ಟೇ. ಒಂದು ವಾರ ತಪ್ಪಿದರೆ ಹಿಂದಿನ ವಾರವನ್ನು ಮತ್ತೆ ಮಾಡಿ, ಎರಡು ವಾರ ತಪ್ಪಿದರೆ ಎರಡು ಹೆಜ್ಜೆ ಹಿಂದೆ ಹೋಗಿ. ತಪ್ಪಿದ್ದನ್ನು ತುಂಬಿಕೊಳ್ಳಲು ಒಂದೇ ವಾರದಲ್ಲಿ ಎರಡು ಟೆಂಪೊ ತುರುಕಬೇಡಿ.

ಹೊರಗೆ ಕಾಲಿಡುವಾಗ

ದಾರಿಗಳು ತೆರೆದುಕೊಳ್ಳುತ್ತಿದ್ದಂತೆ ಒಮ್ಮೆಗೇ ಟ್ರೆಡ್‌ಮಿಲ್ ಬಿಟ್ಟು ಓಡಬೇಡಿ. ಬೆಲ್ಟಿನ ಹಲಗೆ ಬಾಗಿ ಹೊಡೆತ ನುಂಗುತ್ತಿತ್ತು, ಕಾಂಕ್ರೀಟು ನುಂಗುವುದಿಲ್ಲ. ಟ್ರೆಡ್‌ಮಿಲ್ ನಿಮಗೆ ಇಳಿಜಾರನ್ನೂ ಕಲಿಸಿಲ್ಲ, ತೊಡೆಯ ಮುಂಭಾಗಕ್ಕೆ ಅದರ ಬಿಸಿ ಮರುದಿನ ಗೊತ್ತಾಗುತ್ತದೆ. ಮೊದಲ ವಾರ ಒಂದು ಹಗುರ ಓಟ ಮಾತ್ರ ಹೊರಗೆ, ಎರಡನೇ ವಾರ ಎರಡು, ಮೂರನೇ ವಾರ ಟೆಂಪೊ. ಆ ಮೊದಲ ಟೆಂಪೊ 20 ನಿಮಿಷವಲ್ಲ, 8 ನಿಮಿಷದ ಎರಡು ಸುತ್ತು, ಸಮತಟ್ಟಾದ ದಾರಿಯಲ್ಲಿ. ಗಡಿಯಾರದ ವೇಗವನ್ನು ಮುಚ್ಚಿಟ್ಟು, ವಾಕ್ಯದ ನಡುವೆ ಒಂದೇ ಉಸಿರು ಎಂಬ ಅಳತೆಯಲ್ಲಿ ಓಡಿ. ಮನೆಗೆ ಬಂದ ಮೇಲೆ ವೇಗ ನೋಡಿ, ಅದನ್ನು ಹೊಸ ಪುಟದಲ್ಲಿ ಬರೆದುಕೊಳ್ಳಿ. ಎದುರುಗಾಳಿ, ತಿರುವು, ಅಂಕುಡೊಂಕು ಸೇರಿ ಟ್ರೆಡ್‌ಮಿಲ್ ಅಂಕಿಗಿಂತ ಅದು ನಿಧಾನ ಬಂದರೆ ಮುಂದಿನ ವಾರ ಸರಿಗಟ್ಟಲು ಹೋಗದೆ, ಅದೇ ವೇಗದಲ್ಲಿ 8 ನಿಮಿಷದ ಮೂರನೆಯ ಸುತ್ತು ಸೇರಿಸಿ.